ಮಗು ಮಡಿಲಲ್ಲಿ, ಹತ್ತನೇ ಕ್ಲಾಸು ಬಾಕಿ: ಕರ್ನಾಟಕದ ಎಳೆಯ ಅಪ್ಪ ಅಮ್ಮಂದಿರು ಮತ್ತೆ ಓದಲು ಶುರು ಮಾಡುವುದು ಹೇಗೆ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಎಲ್ಲ ವಿಷಯಕ್ಕೂ ಒಂದೇ ಸಲ ಪರೀಕ್ಷೆ ಕಟ್ಟಬೇಡಿ. ಇಲ್ಲಿ ಬರೆದ ಮಿಕ್ಕಿದ್ದೆಲ್ಲ ಮರೆತರೂ ಇದೊಂದು ನೆನಪಿರಲಿ.

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮಗಳು ಹುಟ್ಟಿದಾಗ ನನಗೆ ಇಪ್ಪತ್ತು ವರ್ಷ. ಅವಳಿಗೆ ಹತ್ತು ತಿಂಗಳು ತುಂಬಿದಾಗ ಹುರುಪಿನಲ್ಲಿ ಐದೂ ವಿಷಯ ಕಟ್ಟಿದೆ. ಪರೀಕ್ಷೆಗೆ ವಾರ ಇರುವಾಗ ಅವಳಿಗೆ ಜ್ವರ ಬಂತು. ಎರಡು ಪೇಪರ್ ಬರೆದೆ, ಮೂರಕ್ಕೆ ಹೋಗಲೇ ಇಲ್ಲ. ಬರೆದ ಎರಡರಲ್ಲಿ ಒಂದು ಪಾಸಾಯಿತು. ಕಟ್ಟಿದ ಫೀಸು ಹೋಯಿತು, ಅದಕ್ಕಿಂತ ಜಾಸ್ತಿ ಧೈರ್ಯ ಹೋಯಿತು. 'ನಿನಗ್ಯಾಕೆ ಬೇಕಿತ್ತು' ಅನ್ನುವವರಿಗೆ ಒಳ್ಳೆ ಮಾತು ಸಿಕ್ಕಿತು. ಆಮೇಲೆ ಒಂದು ಸಲಕ್ಕೆ ಎರಡೇ ವಿಷಯ ಎಂದು ಹಟ ಹಿಡಿದೆ. ಮುಂದಿನ ಎರಡು ಸಲಕ್ಕೆ ಮುಗಿಯಿತು.

ಹಾಗೆ ಸ್ವಲ್ಪ ಸ್ವಲ್ಪವೇ ಬರೆದು ಮುಗಿಸಲು ನಮ್ಮಲ್ಲಿ ದಾರಿ ಇದೆ. ಗೊತ್ತಿರುವವರು ಕಮ್ಮಿ, ಅಷ್ಟೆ.

ಯಾಕೆ ಬೇಕು ಅಂತ ಮೊದಲು ಬರೆದಿಟ್ಟುಕೊಳ್ಳಿ

ಸುಮ್ನೆ 'ಓದಬೇಕು' ಅಂದರೆ ಯಾವ ವಿಷಯ ತಗೊಳ್ಳಬೇಕು ಅನ್ನುವುದೇ ತೀರ್ಮಾನ ಆಗುವುದಿಲ್ಲ. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಬಂದ ಮೇಲೆ ಅದನ್ನು ಎಲ್ಲಿ ತೋರಿಸುತ್ತೀರಿ? ಅದನ್ನು ಒಂದು ಸಾಲಿನಲ್ಲಿ ಬರೆಯಿರಿ.

ಒಂದು ಉದಾಹರಣೆ ಹೇಳುತ್ತೇನೆ. ಅಂಚೆ ಇಲಾಖೆಯಲ್ಲಿ ಗ್ರಾಮೀಣ ಡಾಕ್ ಸೇವಕ್ ಎಂಬ ಕೆಲಸ ಇದೆ. ಅದಕ್ಕೆ ಬರವಣಿಗೆಯ ಪರೀಕ್ಷೆ ಇಲ್ಲ, ಹತ್ತನೇ ಕ್ಲಾಸಿನ ಅಂಕ ನೋಡಿ ತಗೊಳ್ಳುತ್ತಾರೆ. ಆದರೆ ಹತ್ತರಲ್ಲಿ ಗಣಿತ ಮತ್ತು ಇಂಗ್ಲಿಷ್ ಪಾಸಾಗಿರಬೇಕು. ಸ್ಥಳೀಯ ಭಾಷೆಯನ್ನೂ, ಅಂದರೆ ನಮಗೆ ಕನ್ನಡವನ್ನೂ, ಹತ್ತರವರೆಗೆ ಓದಿರಬೇಕು. ಮುಕ್ತ ಶಾಲೆಯಲ್ಲಿ, ಅಂದರೆ ದಿನಾ ಶಾಲೆಗೆ ಹೋಗದೆ ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ದಾರಿಯಲ್ಲಿ (ವಿವರ ಮುಂದಿದೆ), ಗಣಿತ ಬಿಟ್ಟು ಬೇರೆ ವಿಷಯ ತಗೊಳ್ಳಬಹುದು. ತುಂಬಾ ಜನ ಹೆದರಿ ಗಣಿತ ಕೈಬಿಡುತ್ತಾರೆ. ಪಾಸಾದ ಮೇಲೆ ಇಂಥ ಅರ್ಜಿ ತುಂಬಲು ಕೂತಾಗ ಗೊತ್ತಾಗುತ್ತದೆ, ಅಯ್ಯೋ, ಗಣಿತ ಇಲ್ಲವಲ್ಲ ಅಂತ. ಪಾಲಿಟೆಕ್ನಿಕ್ ಡಿಪ್ಲೊಮಾಗೆ ಗಣಿತದ ಜೊತೆ ವಿಜ್ಞಾನವೂ ಬೇಕು.

ಅಪ್ಪಂದಿರಿಗೆ ಇನ್ನೊಂದು ಕಾರಣ. ಸೌದಿ, ಕುವೈತ್, ಕತಾರ್‌ನಂಥ ಕಡೆ ಕೆಲಸಕ್ಕೆ ಹೋಗುವವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂಬ ಗುರುತು ಇದ್ದರೆ ಸರ್ಕಾರದ ವಲಸೆ ಅನುಮತಿ ಬೇರೆ ಪಡೆಯಬೇಕು. ಹತ್ತನೇ ಕ್ಲಾಸು ಪಾಸಾದವರಿಗೆ ಆ ಗುರುತು ಬರುವುದಿಲ್ಲ. ಗಾರೆ ಕೆಲಸ, ಡ್ರೈವಿಂಗ್ ಅಂತ ಹೋಗುವ ಹುಡುಗರಿಗೆ ಇದು ಸಣ್ಣ ಲಾಭ ಅಲ್ಲ.

ಕೈಕೆಲಸ ಕಲಿಯುವುದೇ ನಿಮ್ಮ ಗುರಿಯಾದರೆ ಹತ್ತಕ್ಕೆ ಕಾಯಬೇಕಾಗಿಯೂ ಇಲ್ಲ. ಐಟಿಐನಲ್ಲಿ ವೆಲ್ಡರ್, ವೈರ್‌ಮನ್, ಪ್ಲಂಬರ್, ಹೊಲಿಗೆಯಂಥ ಕೆಲವು ಟ್ರೇಡ್‌ಗಳಿಗೆ ಎಂಟನೇ ಕ್ಲಾಸು ಪಾಸಾಗಿದ್ದರೆ ಸಾಕು. ಎಂಟು ಪಾಸಾಗಿ ಎರಡು ವರ್ಷದ ಐಟಿಐ ಮುಗಿಸಿದವರಿಗೆ, ಮುಕ್ತ ಶಾಲೆಯ ಭಾಷಾ ಪರೀಕ್ಷೆ ಬರೆದು ಹತ್ತರ ಸಮಾನತೆ ಪಡೆಯುವ ದಾರಿಯೂ ಇದೆ. ಆದರೆ ಐಟಿಐಗೆ ದಿನಾ ಹೋಗಬೇಕು. ಎದೆಹಾಲು ಕುಡಿಯುವ ಮಗು ಇರುವಾಗ ಅದು ಕಷ್ಟ. ಅಪ್ಪನಿಗೆ ಆದೀತು.

ಎರಡು ದಾರಿ, ಒಂದನ್ನು ಆರಿಸಿ

ಮೊದಲನೆಯದು ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವುದು. ಆರು ವಿಷಯ, ಶಾಲೆಯ ಮಕ್ಕಳು ಓದುವ ಅದೇ ಪುಸ್ತಕ. ಕನ್ನಡ ಮಾಧ್ಯಮದಲ್ಲಿ ಬರೆಯಬಹುದು. ಪುಸ್ತಕ ಯಾರ ಮನೆಯಲ್ಲಾದರೂ ಸಿಗುತ್ತದೆ, ಟ್ಯೂಷನ್ ಹೇಳಿಕೊಡುವವರೂ ಸಿಗುತ್ತಾರೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಯುತ್ತದೆ. ಹಿಂದೆ ಎಸ್ಸೆಸ್ಸೆಲ್ಸಿ ಬರೆದು ಒಂದೆರಡು ವಿಷಯದಲ್ಲಿ ಫೇಲಾಗಿ ಬಿಟ್ಟವರಿಗೆ ಇದೇ ಹತ್ತಿರದ ದಾರಿ. ನಿಮ್ಮ ಹಳೇ ಹೈಸ್ಕೂಲಿಗೆ ಹೋಗಿ ಹಳೇ ನೋಂದಣಿ ಸಂಖ್ಯೆ ಕೊಟ್ಟು ಕೇಳಿ.

ಎರಡನೆಯದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. ಎಲ್ಲರೂ ಎನ್‌ಐಒಎಸ್ ಅನ್ನುತ್ತಾರೆ. ಕೇಂದ್ರ ಸರ್ಕಾರ 1989ರಲ್ಲಿ ಶುರು ಮಾಡಿದ್ದು. ಸಿಬಿಎಸ್‌ಇ, ಎಸ್ಸೆಸ್ಸೆಲ್ಸಿ ಇದ್ದ ಹಾಗೆ ಇದೂ ಒಂದು ಬೋರ್ಡು. ಇದರ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ, ಅಧ್ಯಯನ ಕೇಂದ್ರಗಳು ಬೇರೆ ಬೇರೆ ಊರಲ್ಲಿವೆ.

ಚಿಕ್ಕ ಮಗು ಇರುವವರಿಗೆ ನಾನು ಎರಡನೆಯದನ್ನೇ ಹೇಳುವುದು. ಕಾರಣ ಅದರ ಲೆಕ್ಕ. ಪಾಸಾಗಲು ಐದು ವಿಷಯ ಸಾಕು. ಒಮ್ಮೆ ನೋಂದಣಿ ಆದರೆ ಐದು ವರ್ಷ ನಡೆಯುತ್ತದೆ. ಆ ಐದು ವರ್ಷದಲ್ಲಿ ಪರೀಕ್ಷೆ ಬರೆಯಲು ಒಂಬತ್ತು ಅವಕಾಶ. ಪ್ರತಿ ಸಲ ಎಷ್ಟು ವಿಷಯ ಬೇಕೋ ಅಷ್ಟಕ್ಕೇ ಫೀಸು ಕಟ್ಟಬಹುದು. ಪಾಸಾದ ವಿಷಯ ಹಾಗೇ ಉಳಿಯುತ್ತದೆ, ಮತ್ತೆ ಬರೆಯಬೇಕಿಲ್ಲ. ಮಗುವಿಗೆ ಜ್ವರ ಬಂತು, ಎರಡನೇ ಸಲ ಬಸಿರಾಯಿತು, ಊರು ಬದಲಾಯಿತು ಅಂದರೆ ಒಂದು ಸಲ ಬಿಟ್ಟರೂ ಏನೂ ಮುಳುಗುವುದಿಲ್ಲ. ಇದನ್ನು ಮಾಡಿದವರು ಮಕ್ಕಳೊಂದಿಗರನ್ನು ನೆನೆಸಿಕೊಂಡು ಮಾಡಿದರೋ ಇಲ್ಲವೋ, ನಮಗಂತೂ ಅಳತೆ ಕೊಟ್ಟು ಹೊಲಿಸಿದ ಹಾಗಿದೆ.

ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ. ಇದು ಬಿಟ್ಟು, ನಮಗೆ ಬೇಕಾದ ದಿನ ಹೋಗಿ ಬರೆಯುವ ಬೇಡಿಕೆ ಪರೀಕ್ಷೆ ಎಂಬುದೂ ಇದೆ. ಅದಕ್ಕೆ ಕೇಂದ್ರಗಳು ಕಮ್ಮಿ.

ಎಂಟನೇ ಕ್ಲಾಸೂ ಆಗಿಲ್ಲ ಅನ್ನುವವರು ಬೇಜಾರು ಮಾಡಿಕೊಳ್ಳಬೇಡಿ. ಇದೇ ಸಂಸ್ಥೆಯಲ್ಲಿ ಮುಕ್ತ ಮೂಲ ಶಿಕ್ಷಣ ಅಂತ ಮೂರು ಹಂತ ಇವೆ. ಎ ಅಂದರೆ ಮೂರನೇ ಕ್ಲಾಸಿಗೆ ಸಮ, ಬಿ ಐದಕ್ಕೆ, ಸಿ ಎಂಟಕ್ಕೆ. ಎಂಟರ ಸರ್ಟಿಫಿಕೇಟ್ ಕೈಯಲ್ಲಿಲ್ಲ, ಆದರೆ ಓದು ಬರಹ ಚೆನ್ನಾಗಿ ಬರುತ್ತದೆ ಅನ್ನುವವರು, 'ಹತ್ತನೇ ಕ್ಲಾಸು ಓದುವಷ್ಟು ಕಲಿತಿದ್ದೇನೆ' ಎಂದು ಸ್ವಂತ ಘೋಷಣೆ ಕೊಟ್ಟು ನೇರ ಹತ್ತಕ್ಕೇ ಸೇರಬಹುದು.

ಕಾಗದ ಪತ್ರ: ನಿಜವಾದ ತಲೆನೋವು ಇಲ್ಲಿದೆ

ಗಣಿತಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು ನನ್ನ ಹೆಸರು. ಶಾಲೆಯ ರಿಜಿಸ್ಟರಿನಲ್ಲಿ ಹೆಸರಿನ ಹಿಂದೆ ಅಪ್ಪನ ಇನಿಷಿಯಲ್. ಆಧಾರ್‌ನಲ್ಲಿ ಇನಿಷಿಯಲ್ ಮುಂದೆ ಬಂದು ಕೂತಿತ್ತು. ಮದುವೆಯಾದ ಮೇಲೆ ಮಾಡಿಸಿದ ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು ಅಂಟಿಕೊಂಡಿತ್ತು. ಮೂರು ಕಾಗದ, ಮೂರು ಹೆಂಗಸರು!

ಆದ್ದರಿಂದ ಅರ್ಜಿ ತುಂಬುವ ಮುಂಚೆ ಎಲ್ಲ ಕಾಗದವನ್ನೂ ಚಾಪೆ ಮೇಲೆ ಹರಡಿಕೊಳ್ಳಿ. ಜನನ ಪ್ರಮಾಣಪತ್ರ, ಶಾಲೆಯ ಟಿಸಿ, ಆಧಾರ್, ಜಾತಿ ಪ್ರಮಾಣಪತ್ರ ಇದ್ದರೆ ಅದು. ಹೆಸರು, ಇನಿಷಿಯಲ್, ಹುಟ್ಟಿದ ದಿನ, ಅಪ್ಪ ಅಮ್ಮನ ಹೆಸರು, ಒಂದೊಂದನ್ನೂ ಅಕ್ಷರ ಅಕ್ಷರವಾಗಿ ಹೋಲಿಸಿ. ಇಂಗ್ಲಿಷ್ ಸ್ಪೆಲಿಂಗ್ ಕೂಡ.

ಯಾವ ಹೆಸರಿಗೆ ಎಲ್ಲವನ್ನೂ ಹೊಂದಿಸಬೇಕು? ನನ್ನ ಸಲಹೆ, ಜನನ ಪ್ರಮಾಣಪತ್ರ ಮತ್ತು ಟಿಸಿಯಲ್ಲಿ ಇರುವ ಹೆಸರಿಗೆ. ಗಂಡನ ಮನೆಯ ಹೆಸರನ್ನು ಮಾರ್ಕ್ಸ್ ಕಾರ್ಡಿಗೆ ತರಬೇಡಿ. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಮುಂದೆ ಎಲ್ಲ ಕಡೆಯೂ ಹುಟ್ಟಿದ ದಿನಕ್ಕೂ ಹೆಸರಿಗೂ ಸಾಕ್ಷಿಯಾಗಿ ನಿಲ್ಲುತ್ತದೆ. ಅದರಲ್ಲಿ ತಪ್ಪಾದರೆ ತಿದ್ದಿಸಲು ಓಡಾಡಿಯೇ ಚಪ್ಪಲಿ ಸವೆಯುತ್ತದೆ.

ಆಧಾರ್ ತಿದ್ದಿಸುವಾಗ ಎಚ್ಚರ. ಹೆಸರನ್ನು ಜೀವನದಲ್ಲಿ ಎರಡು ಸಲ ಮಾತ್ರ ಬದಲಾಯಿಸಬಹುದು, ಹುಟ್ಟಿದ ದಿನವನ್ನು ಒಂದೇ ಸಲ. ಆತುರದಲ್ಲಿ ಯಾರೋ ಹೇಳಿದರು ಅಂತ ತಿದ್ದಿಸಿ ಆ ಒಂದು ಅವಕಾಶ ಕಳೆದುಕೊಳ್ಳಬೇಡಿ.

ಟಿಸಿ ತಂದಿಲ್ಲವಾ? ಬಿಟ್ಟ ಶಾಲೆಗೇ ಹೋಗಿ. ದಾಖಲಾತಿ ರಿಜಿಸ್ಟರಿನಲ್ಲಿ ನಿಮ್ಮ ಹೆಸರು ಇದ್ದೇ ಇರುತ್ತದೆ. ಸೇರಿದ ವರ್ಷ, ಬಿಟ್ಟ ವರ್ಷ ಅಂದಾಜಾಗಿ ನೆನಪು ಮಾಡಿಕೊಂಡು ಹೋದರೆ ಹುಡುಕುವವರಿಗೆ ಸುಲಭ. ಶಾಲೆ ಮುಚ್ಚಿದ್ದರೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. ಮಗು ಎತ್ತಿಕೊಂಡು ಹಳೇ ಶಾಲೆಯ ಗೇಟು ದಾಟುವುದಕ್ಕೆ ನಾಚಿಕೆ ಆಗುತ್ತದೆ, ನನಗೂ ಆಗಿತ್ತು. ನಮ್ಮ ಹೆಡ್‌ಮಾಸ್ಟರು 'ಇವಳ್ಯಾರಮ್ಮ, ಇವಳನ್ನೂ ಇಲ್ಲೇ ಸೇರಿಸ್ತೀಯಾ' ಅಂತ ಮಗಳ ಗಲ್ಲ ಹಿಂಡಿದರು. ಅಷ್ಟೇ. ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಬೈಗುಳ ಒಂದೂ ಬರಲಿಲ್ಲ.

ವಿಷಯ ಆರಿಸುವುದು

ಐದರಲ್ಲಿ ಒಂದಾದರೂ ಭಾಷೆ ಇರಬೇಕು, ಎರಡಕ್ಕಿಂತ ಜಾಸ್ತಿ ಭಾಷೆ ಆಗುವುದಿಲ್ಲ. ನಾನು ಹೇಳುವ ಜೋಡಣೆ ಇದು: ಕನ್ನಡ, ಇಂಗ್ಲಿಷ್, ಗಣಿತ, ಜೊತೆಗೆ ಸಮಾಜ ವಿಜ್ಞಾನ ಮತ್ತು ಗೃಹವಿಜ್ಞಾನ. ಮುಂದೆ ನರ್ಸಿಂಗ್, ಪ್ಯಾರಾಮೆಡಿಕಲ್, ಡಿಪ್ಲೊಮಾ ಮನಸ್ಸಿನಲ್ಲಿದ್ದರೆ ಗೃಹವಿಜ್ಞಾನದ ಜಾಗಕ್ಕೆ ವಿಜ್ಞಾನ ತಗೊಳ್ಳಿ. ಬೇಕಿದ್ದರೆ ಐದರ ಮೇಲೆ ಇನ್ನೊಂದೆರಡು ವಿಷಯ ಹೆಚ್ಚಿಗೆ ತಗೊಳ್ಳಲೂ ಅವಕಾಶ ಇದೆ.

ಗೃಹವಿಜ್ಞಾನ ಅಂದರೆ ಮೂಗು ಮುರಿಯುವವರಿದ್ದಾರೆ. ಮುರಿಯಲಿ. ಮಗುವಿನ ಬೆಳವಣಿಗೆ, ಆಹಾರದ ಪೋಷಕಾಂಶ, ಮನೆ ಖರ್ಚಿನ ಲೆಕ್ಕ ಎಲ್ಲ ಅದರಲ್ಲಿ ಬರುತ್ತದೆ. ಅರ್ಧ ಪಾಠ ನಿಮಗೆ ಈಗಲೇ ಗೊತ್ತು. ಮೊದಲ ಸಲಕ್ಕೆ ಇಂಥದ್ದೊಂದು ವಿಷಯ ಬರೆದು ಪಾಸಾದರೆ ಮನೆಯವರ ಬಾಯಿ ಅರ್ಧ ಮುಚ್ಚುತ್ತದೆ.

ಅರ್ಜಿಯಲ್ಲಿ ಮಾಧ್ಯಮ ಯಾವುದು ಅಂತ ಕೇಳುತ್ತಾರೆ. ಅದನ್ನು ತುಂಬುವ ಮೊದಲು ವೆಬ್‌ಸೈಟಿಗೆ ಹೋಗಿ, ನೀವು ಆರಿಸಿದ ಐದೂ ವಿಷಯದ ಪುಸ್ತಕ ಆ ಭಾಷೆಯಲ್ಲಿ ಇದೆಯಾ ಎಂದು ತೆರೆದು ನೋಡಿ. ಪುಸ್ತಕಗಳನ್ನು ಅಲ್ಲಿ ಪುಕ್ಕಟೆ ಇಳಿಸಿಕೊಳ್ಳಬಹುದು. ಒಂದು ಪಾಠವನ್ನಾದರೂ ಪೂರ್ತಿ ಓದಿ. ಅರ್ಥ ಆಗುವ ಭಾಷೆಯನ್ನೇ ಆರಿಸಿ, ದೊಡ್ಡಸ್ತಿಕೆಗೆ ಇಂಗ್ಲಿಷ್ ಹಾಕಬೇಡಿ.

ಹಿಂದೆ ಎಸ್ಸೆಸ್ಸೆಲ್ಸಿಯಲ್ಲಿ ಕೆಲವು ವಿಷಯ ಪಾಸಾಗಿದ್ದರೆ ಎರಡು ವಿಷಯದ ತನಕ ಅಂಕ ವರ್ಗಾಯಿಸಿಕೊಳ್ಳುವ ಅನುಕೂಲ ಇದೆ. ಅದನ್ನು ಅರ್ಜಿ ತುಂಬುವಾಗಲೇ ಕೇಳಿ ಮಾಡಿಸಿಕೊಳ್ಳಿ. ಐದರಲ್ಲಿ ಎರಡು ಕಳೆದರೆ ಉಳಿಯುವುದು ಮೂರೇ!

ಅರ್ಜಿ ತುಂಬುವಾಗ

ಅರ್ಜಿ ಆನ್‌ಲೈನ್. ಸೈಬರ್ ಸೆಂಟರ್ ಅಥವಾ ಗ್ರಾಮ ಒನ್‌ನಲ್ಲಿ ತುಂಬಿಸಬಹುದು, ಫೋನಿನಲ್ಲೇ ತುಂಬುವವರೂ ಇದ್ದಾರೆ. ಸೈಬರ್‌ನಲ್ಲಿ ತುಂಬಿಸಿದರೆ ಮೊಬೈಲ್ ನಂಬರು ಮತ್ತು ಇಮೇಲ್ ನಿಮ್ಮದೇ ಇರಲಿ. ಕೆಲಸ ಬೇಗ ಆಗಲಿ ಅಂತ ಅವರು ತಮ್ಮ ನಂಬರು ಹಾಕಿಬಿಡುತ್ತಾರೆ. ಆಮೇಲೆ ಹಾಲ್ ಟಿಕೆಟ್ ತೆಗೆಯಲು ಹೋದರೆ ಓಟಿಪಿ ಅವರ ಫೋನಿಗೆ ಹೋಗುತ್ತದೆ, ಅಂಗಡಿ ಮುಚ್ಚಿರುತ್ತದೆ. ಗಂಡನ ನಂಬರೂ ಬೇಡ ಅನ್ನುತ್ತೇನೆ, ಅವರು ಕೆಲಸದಲ್ಲಿರುವಾಗ ನಿಮಗೇ ಪರದಾಟ. ನಿಮ್ಮದೇ ಒಂದು ಇಮೇಲ್ ಮಾಡಿಕೊಂಡು ಪಾಸ್‌ವರ್ಡ್ ಬರೆದಿಡಿ.

ಸಲ್ಲಿಸು ಎಂಬ ಗುಂಡಿ ಒತ್ತುವ ಮುಂಚೆ ಪರದೆಯ ಮೇಲಿನ ಹೆಸರನ್ನು ನೀವೇ ಜೋರಾಗಿ ಓದಿ. ಅಧ್ಯಯನ ಕೇಂದ್ರ ಆರಿಸುವಾಗ ಹೆಸರುವಾಸಿಯಾದದ್ದು ಬೇಡ, ಬಸ್ಸು ನೇರವಾಗಿ ಹೋಗುವುದು ಬೇಕು. ತಿಂಗಳಲ್ಲಿ ಕೆಲವು ದಿನ ಸಂಪರ್ಕ ತರಗತಿ ಇರುತ್ತವೆ, ಪ್ರಾಯೋಗಿಕ ಪರೀಕ್ಷೆಯೂ ಅಲ್ಲೇ ಬರಬಹುದು. ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ಪುಕ್ಕಟೆ ಇರುವುದರಿಂದ ಓಡಾಟದ ಖರ್ಚು ಉಳಿಯುತ್ತದೆ.

ಫೀಸಿನಲ್ಲಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ರಿಯಾಯಿತಿ ಇದೆ. 16ರಿಂದ 19 ವರ್ಷದೊಳಗಿನ ಪರಿಶಿಷ್ಟ ಜಾತಿ, ಪಂಗಡದ ಮತ್ತು ಅಂಗವಿಕಲ ಮಕ್ಕಳು ಮುಕ್ತ ಶಾಲೆಯಲ್ಲಿ ಓದಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ₹2,000ದವರೆಗೆ ನೆರವಿಗೆ ಜಾಗ ಇದೆ. ಬಿಇಒ ಕಚೇರಿಯಲ್ಲಿ ಇದನ್ನು ಹೆಸರು ಹಿಡಿದೇ ಕೇಳಿ.

ಈಗ ಒಂದು ಎಚ್ಚರಿಕೆ. 'ಬರೆಯೋದೇ ಬೇಡ, ನಾವೇ ಪಾಸ್ ಮಾಡಿಸ್ತೀವಿ' ಅನ್ನುವವರು ಎಲ್ಲ ಊರಲ್ಲೂ ಇದ್ದಾರೆ. ನನಗೂ ಒಬ್ಬರು ಸಿಕ್ಕಿದ್ದರು. ಬೋರ್ಡು ಹಾಕಿಕೊಂಡ ಟ್ಯುಟೋರಿಯಲ್, ಗೋಡೆ ತುಂಬ ಫೋಟೋ. ಮೂರು ತಿಂಗಳಲ್ಲಿ ಮಾರ್ಕ್ಸ್ ಕಾರ್ಡ್ ಮನೆಗೆ ಬರುತ್ತದೆ ಅಂದರು. ಕಿವಿಯೋಲೆ ಅಡ ಇಡುವ ಯೋಚನೆಯನ್ನೂ ಮಾಡಿದ್ದೆ. ಅವರು ತೋರಿಸಿದ ಕಾರ್ಡಿನಲ್ಲಿದ್ದ ಬೋರ್ಡಿನ ಹೆಸರು ನಾನು ಎಲ್ಲೂ ಕೇಳಿರಲಿಲ್ಲ. ಒಂದು ಪಿಯು ಕಾಲೇಜಿನ ಗುಮಾಸ್ತರಿಗೆ ಆ ಹೆಸರು ಹೇಳಿದೆ. ಅವರು ತಲೆಯೆತ್ತದೆ 'ನಡೆಯಲ್ಲಮ್ಮ' ಅಂದರು. ನೀವೂ ಹಾಗೇ ಮಾಡಿ. ದುಡ್ಡು ಕೊಡುವ ಮೊದಲು, ಆ ಕಾರ್ಡು ಇಟ್ಟುಕೊಂಡು ಮುಂದೆ ಸೇರಬೇಕಾದ ಕಡೆಯೇ ಹೋಗಿ ನಡೆಯುತ್ತದಾ ಅಂತ ಕೇಳಿ.

ಮನೆಯಲ್ಲಿ ಮಾತಾಡುವುದು

'ನಾನು ಓದಬೇಕು, ಎಲ್ಲರೂ ಸಹಾಯ ಮಾಡಿ' ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಮಾಡುವುದಿಲ್ಲ. ಗಂಟೆ ಹೇಳಿ ಕೇಳಬೇಕು. 'ಅತ್ತೆ, ಸಂಜೆ ಐದರಿಂದ ಆರು ಮಗು ನಿಮ್ಮ ಹತ್ತಿರ ಇರಲಿ. ಅಡುಗೆ ನಾನು ಆರಕ್ಕೆ ಶುರು ಮಾಡ್ತೀನಿ.' ಹೀಗೆ ಕೇಳಿದರೆ ಅವರಿಗೂ ಎಷ್ಟು ಹೊತ್ತು ಅಂತ ಗೊತ್ತಿರುತ್ತದೆ. ಆ ಗಂಟೆ ಮುಗಿದ ತಕ್ಷಣ ಪುಸ್ತಕ ಮುಚ್ಚಿ ಎದ್ದು ಬನ್ನಿ, ಹತ್ತು ನಿಮಿಷ ಜಾಸ್ತಿ ಕೂರಬೇಡಿ. ಮಾತು ಉಳಿಸಿಕೊಂಡರೆ ನಾಳೆ ಮತ್ತೆ ಕೇಳಬಹುದು.

ಗಂಡನ ಹತ್ತಿರ ನಾನು ಕೇಳಿದ್ದು ಭಾನುವಾರ ಬೆಳಿಗ್ಗೆ ಮೂರು ಗಂಟೆ ಹೊತ್ತಿನ ಬಿಡುವು. ಮೊದಲ ಭಾನುವಾರ ಅವರು ಮಗಳನ್ನು ಎತ್ತಿಕೊಂಡು ನಾಲ್ಕು ಸಲ ಬಾಗಿಲಿಗೆ ಬಂದರು. ಮೂರನೇ ವಾರದ ಹೊತ್ತಿಗೆ ಬರುವುದು ನಿಲ್ಲಿಸಿದರು. ಅಪ್ಪನೇ ಓದುವವನಾದರೂ ಲೆಕ್ಕ ಇದೇ. ದುಡಿದು ಬಂದು ಓದಲು ಕೂರುವ ಗಂಡ, ಹೆಂಡತಿಯ ಪಾಲಿಗೆ ಬಿಡುವು ಯಾವಾಗ ಅಂತಲೂ ಹೇಳಬೇಕು.

ನೋಡಿಕೊಳ್ಳುವವರು ಯಾರೂ ಇಲ್ಲದವರು ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆಯಾ ವಿಚಾರಿಸಿ. ನರೇಗಾ ಕೆಲಸಕ್ಕೆ ಹೋಗುವವರ ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗಾಗಿ 2023ರಲ್ಲಿ ಶುರುವಾದದ್ದು. ಮೂರು ತುಂಬಿದ ಮಗುವಿಗೆ ಅಂಗನವಾಡಿ ಇದೆ. ಮಗು ಅಂಗನವಾಡಿಯಲ್ಲಿರುವ ಹೊತ್ತಿನಲ್ಲಿ ಪಾತ್ರೆ ತೊಳೆಯಲು ಕೂರಬೇಡಿ! ಪಾತ್ರೆಯನ್ನು ಮಗು ಪಕ್ಕದಲ್ಲಿದ್ದರೂ ತೊಳೆಯಬಹುದು, ಗಣಿತವನ್ನು ಆಗುವುದಿಲ್ಲ. ಮನೆಯಲ್ಲಿ ಕೂರಲು ಜಾಗವೇ ಇಲ್ಲ ಅಂದರೆ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ. ಈಗ ಅರಿವು ಕೇಂದ್ರ ಅಂತ ಬೋರ್ಡು ಇರುತ್ತದೆ.

ಓದುವ ರೀತಿ

ಮಗು ಹುಟ್ಟಿ ಮೊದಲ ಆರು ತಿಂಗಳು ಎದೆಹಾಲೇ ಆಹಾರ. ಆ ಹೊತ್ತಿನಲ್ಲಿ ನೋಂದಣಿ ಮಾಡಿಸಿ, ಪುಸ್ತಕ ತರಿಸಿ, ಪರೀಕ್ಷೆಗೆ ಮಾತ್ರ ಕಟ್ಟಬೇಡಿ. ನಿದ್ದೆ ಕೆಟ್ಟ ತಲೆಗೆ ಓದಿದ್ದು ನಿಲ್ಲುವುದೂ ಇಲ್ಲ.

ಆಮೇಲೆ ದಿನಕ್ಕೆ ಎರಡು ತುಂಡು ಸಮಯ ಸಿಕ್ಕರೆ ಸಾಕು, ಒಂದೊಂದು ಇಪ್ಪತ್ತೈದು ನಿಮಿಷ. ಒಂದು ತುಂಡಿಗೆ ಒಂದೇ ಕೆಲಸ ಇಟ್ಟುಕೊಳ್ಳಿ. 'ಗಣಿತ ಓದಬೇಕು' ಅಂತ ಕೂತರೆ ಯಾವ ಪುಟ ಅಂತ ಹುಡುಕುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ. ಹಿಂದಿನ ರಾತ್ರಿಯೇ ಪುಟ ತೆರೆದು, ಪೆನ್ನು ಇಟ್ಟು ಮಲಗಿ. 'ಭಿನ್ನರಾಶಿ, ಲೆಕ್ಕ 4ರಿಂದ 9' ಅಂತ ಚೀಟಿ ಇರಲಿ.

ಓದಿದ್ದನ್ನೇ ಮತ್ತೆ ಮತ್ತೆ ಓದುವುದು ನಮಗೆ ಶಾಲೆಯಲ್ಲಿ ಬಂದ ಚಟ. ಅದರಿಂದ ಗೊತ್ತಿದೆ ಅನ್ನಿಸುತ್ತದೆ, ನೆನಪು ಮಾತ್ರ ಉಳಿಯುವುದಿಲ್ಲ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು 2006ರಲ್ಲಿ ಇದನ್ನು ಪರೀಕ್ಷೆ ಮಾಡಿ ತೋರಿಸಿದರು. ಮತ್ತೆ ಮತ್ತೆ ಓದಿದವರಿಗಿಂತ, ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಿಗೆ ಒಂದು ವಾರದ ಮೇಲೆ ಜಾಸ್ತಿ ನೆನಪಿತ್ತು. ಹಾಗಾಗಿ ಒಂದು ಪಾಠ ಓದಿ, ಪುಸ್ತಕ ಮುಚ್ಚಿ, ನೆನಪಿಗೆ ಬಂದದ್ದನ್ನು ಬರೆಯಿರಿ. ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ಅದನ್ನೇ ಮರುದಿನ ಒಮ್ಮೆ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಕೇಳಿಕೊಳ್ಳಿ. ಬರೆಯಲು ಕೈ ಖಾಲಿ ಇಲ್ಲ ಅಂದರೆ ಮಗುವಿಗೇ ಹೇಳಿ. ನನ್ನ ಮಗಳು ತೊಟ್ಟಿಲಲ್ಲಿ ಮಲಗಿ ಮೌರ್ಯರು, ಶಾತವಾಹನರು ಎಲ್ಲ ಕೇಳಿದ್ದಾಳೆ. ಜೋಗುಳಕ್ಕಿಂತ ಬೇಗ ನಿದ್ದೆ ಬರುತ್ತಿತ್ತು.

ಗಣಿತದ ಬಗ್ಗೆ ಬೇರೆಯೇ ಹೇಳಬೇಕು. ಹತ್ತನೇ ಕ್ಲಾಸಿನ ಪುಸ್ತಕದಿಂದ ಶುರು ಮಾಡಬೇಡಿ. ಭಾಗಾಕಾರ, ಭಿನ್ನರಾಶಿ, ಶೇಕಡಾ ಮರೆತುಹೋಗಿರುತ್ತದೆ, ಬೀಜಗಣಿತ ತಲೆಗೆ ಹತ್ತದಿರುವುದು ಅದಕ್ಕೇ. ಆರು ಮತ್ತು ಏಳನೇ ಕ್ಲಾಸಿನ ಗಣಿತ ಪುಸ್ತಕ ತಂದು ಎರಡು ತಿಂಗಳು ಅದನ್ನೇ ಮಾಡಿ. ಪಕ್ಕದ ಮನೆ ಹುಡುಗನ ಪುಸ್ತಕ ಕೇಳಲು ನಾಚಿಕೆ ಆದರೆ ತಮ್ಮನಿಗೆ ಅಂತ ಹೇಳಿ, ನಾನು ಹಾಗೇ ಹೇಳಿದ್ದೆ. ಪಾಸಾಗಲು 33 ಅಂಕ ಸಾಕು. ಹಳೇ ಪ್ರಶ್ನೆಪತ್ರಿಕೆ ಐದಾರು ಇಟ್ಟುಕೊಂಡು ಪದೇ ಪದೇ ಬರುವ ಪಾಠ ಯಾವುದು ಅಂತ ಗುರುತು ಹಾಕಿ, ಅದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ಇನ್ನು ಮನೆಯಲ್ಲೇ ಬರೆದು ಕೊಡುವ ಅಸೈನ್‌ಮೆಂಟ್‌ಗೆ 20 ಶೇಕಡಾ ತೂಕ ಇದೆ. ಪುಸ್ತಕ ನೋಡಿಕೊಂಡೇ ಬರೆಯಬಹುದು. ಇದನ್ನು ಬಿಡುವುದು ಶುದ್ಧ ದಡ್ಡತನ. ಕೊನೇ ದಿನಾಂಕಕ್ಕೆ ಹದಿನೈದು ದಿನ ಇರುವಾಗಲೇ ಕೊಟ್ಟುಬಿಡಿ.

ಪರೀಕ್ಷೆಯ ದಿನ

ಹಿಂದಿನ ದಿನ ಪರೀಕ್ಷಾ ಕೇಂದ್ರಕ್ಕೆ ಒಮ್ಮೆ ಹೋಗಿಬನ್ನಿ. ಬಸ್ಸಿಳಿದು ಎಷ್ಟು ನಡೆಯಬೇಕು, ಹತ್ತಿರ ನೆರಳು ಎಲ್ಲಿದೆ, ಮಗು ಎತ್ತಿಕೊಂಡವರು ಎಲ್ಲಿ ಕೂರಬಹುದು ಅಂತ ನೋಡಿ. ಕೇಂದ್ರದ ಮುಖ್ಯಸ್ಥರಿಗೆ 'ಹಾಲು ಕುಡಿಯುವ ಮಗು ಇದೆ, ಹೊರಗೆ ಅಮ್ಮ ಕೂತಿರ್ತಾರೆ' ಅಂತ ಮೊದಲೇ ಹೇಳಿದರೆ ಒಳ್ಳೆಯದು. ನನಗೆ ಕಾಂಪೌಂಡಿನ ಒಳಗೇ ಮರದ ಕೆಳಗೆ ಕೂರಲು ಬಿಟ್ಟಿದ್ದರು.

ಒಳಗೆ ಹೋಗುವ ಮೊದಲು ಕೊನೇ ಗಳಿಗೆಯಲ್ಲಿ ಹಾಲು ಕುಡಿಸಿ. ಮೂರು ಗಂಟೆಯ ಪೇಪರಿನಲ್ಲಿ ಎದೆ ಕಟ್ಟಿ ನೋಯುವುದು, ಬಟ್ಟೆ ಒದ್ದೆಯಾಗುವುದು ಇದ್ದದ್ದೇ. ಒಳಗೆ ಮಡಿಸಿದ ಹತ್ತಿ ಬಟ್ಟೆ, ಮೇಲೆ ಗಾಢ ಬಣ್ಣದ ಬಟ್ಟೆ ಇರಲಿ. ಹಿಂಡಿಟ್ಟ ಎದೆಹಾಲು ಶುಚಿಯಾದ ಪಾತ್ರೆಯಲ್ಲಿ, 25 ಡಿಗ್ರಿ ಮೀರದ ಜಾಗದಲ್ಲಿ ನಾಲ್ಕು ಗಂಟೆ ಕೆಡದೆ ಇರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಅಷ್ಟು ಹೊತ್ತು ನಂಬಬೇಡಿ, ಐಸ್ ಹಾಕಿದ ಡಬ್ಬಿಯಲ್ಲಿಡಿ. ಮೊದಲೇ ಒಂದೆರಡು ವಾರ ಚಮಚದಲ್ಲೋ ಒಳಲೆಯಲ್ಲೋ ಕುಡಿಸಿ ರೂಢಿ ಮಾಡಿಸಿ. ಪರೀಕ್ಷೆಯ ದಿನವೇ ಹೊಸದಾಗಿ ಕೊಟ್ಟರೆ ಮಗು ಒಪ್ಪುವುದಿಲ್ಲ.

ವಿಜ್ಞಾನ, ಗೃಹವಿಜ್ಞಾನದಂಥ ವಿಷಯಕ್ಕೆ ಪ್ರಾಯೋಗಿಕ ಪರೀಕ್ಷೆ ಬೇರೆ ದಿನ ಇರುತ್ತದೆ. ಅದರಲ್ಲೂ ಬೇರೆಯಾಗಿಯೇ ಪಾಸಾಗಬೇಕು. ಬರವಣಿಗೆಯಲ್ಲಿ ಒಳ್ಳೆ ಅಂಕ ಬಂದು ಪ್ರಾಯೋಗಿಕಕ್ಕೆ ಹೋಗದೆ ಫೇಲಾದವರನ್ನು ನೋಡಿದ್ದೇನೆ. ದಿನಾಂಕವನ್ನು ಅಧ್ಯಯನ ಕೇಂದ್ರಕ್ಕೆ ಫೋನ್ ಮಾಡಿ ತಿಳಿದುಕೊಳ್ಳಿ, ಅವರೇ ಹೇಳುತ್ತಾರೆ ಅಂತ ಕಾಯಬೇಡಿ.

ಪಾಸಾದ ಮೇಲೆ

ಇದೇ ಸಂಸ್ಥೆಯಲ್ಲಿ ಹನ್ನೆರಡನೇ ಕ್ಲಾಸಿಗೂ ಸೇರಬಹುದು. ಹತ್ತಕ್ಕೂ ಹನ್ನೆರಡಕ್ಕೂ ನಡುವೆ ಎರಡು ವರ್ಷ ಅಂತರ ಇರಬೇಕು. ಮಗು ಇರುವವರಿಗೆ ಅದೇನೂ ತಡ ಅಲ್ಲ. ಕಾಲೇಜಿಗೇ ಹೋಗುವ ಆಸೆ ಇದ್ದರೆ ಹತ್ತಿರದ ಪಿಯು ಕಾಲೇಜಿನಲ್ಲಿ, ಬೇರೆ ಬೋರ್ಡಿನಿಂದ ಬಂದವರಿಗೆ ಏನೇನು ಕಾಗದ ಬೇಕು ಅಂತ ಫಲಿತಾಂಶಕ್ಕೆ ಮೊದಲೇ ಕೇಳಿಟ್ಟುಕೊಳ್ಳಿ. ಮುಂದೆ ಡಿಗ್ರಿ ಮಾಡುವಾಗ ಇನ್ನೊಂದು ಮಗು ಆದರೆ, ಹೆರಿಗೆ ರಜೆ ಮತ್ತು ಹಾಜರಾತಿ ರಿಯಾಯಿತಿಗೆ ನಿಯಮ ಮಾಡಿ ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2021ರ ಡಿಸೆಂಬರ್‌ನಲ್ಲೇ ವಿಶ್ವವಿದ್ಯಾಲಯಗಳಿಗೆ ತಿಳಿಸಿದೆ. ಕಾಲೇಜಿನವರು ಆಗಲ್ಲ ಅಂದರೆ ಈ ಮಾತು ಎತ್ತಿ.

ಮಾರ್ಕ್ಸ್ ಕಾರ್ಡ್ ಕೈಗೆ ಬಂದ ದಿನವೇ ಹೆಸರು, ಹುಟ್ಟಿದ ದಿನ ಮತ್ತೆ ನೋಡಿ. ತಪ್ಪಿದ್ದರೆ ಆ ವಾರದಲ್ಲೇ ಅರ್ಜಿ ಕೊಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಪ್ಲಾಸ್ಟಿಕ್ ಹಾಳೆಯ ಫೈಲಿನಲ್ಲಿಡಿ. ಡಿಜಿಲಾಕರ್‌ಗೂ ಇಳಿಸಿಕೊಳ್ಳಿ. ನಾಲ್ಕು ಜೆರಾಕ್ಸ್ ತೆಗೆಸಿ ಒಂದನ್ನು ತವರಿನಲ್ಲಿಡಿ. ಅದೇ ಫೈಲಿಗೆ ಮಗುವಿನ ಜನನ ಪ್ರಮಾಣಪತ್ರವನ್ನೂ ಸೇರಿಸಿ, ಅದರಲ್ಲಿ ಇನಿಷಿಯಲ್ ಮುಂದಿದೆಯಾ ಹಿಂದಿದೆಯಾ ಅಂತ ಇವತ್ತೇ ನೋಡಿ.